‘ನೋಡಿದ’ ಎಂಬುದಕ್ಕೆ ಇಂಗ್ಲಿಷ್ ಪದ ಹುಡುಕುತ್ತಾ

ಕನ್ನಡ ಕತೆಗಳನ್ನು ಇಂಗ್ಲಿಷಿಗೆ ತರುವಾಗ ಗಾದೆ, ಬೈಗುಳಗಳಿಗಿಂತ ಹೆಚ್ಚಾಗಿ ನನ್ನನ್ನು ಸತಾಯಿಸುವುದು ‘ನೋಡಿದ’ ಎಂಬ ಸಾದಾ ಕ್ರಿಯಾಪದ. ಕತೆಯಲ್ಲಿ ಯಾರಾದರೊಬ್ಬರು ಏನನ್ನಾದರೂ ನೋಡುತ್ತಲೇ ಇರುತ್ತಾರೆ. ಕನ್ನಡದಲ್ಲಿ ಅದು ಬೇಸರ ತರಿಸುವುದಿಲ್ಲ. ನಾವು ‘ನೋಡು’ವನ್ನು ಹಾಗೇ ಇಟ್ಟುಕೊಂಡು ಅದರ ಹಿಂದೆ ಬೇಕಾದ್ದನ್ನು ಸೇರಿಸುತ್ತೇವೆ: ಪಿಳಿಪಿಳಿ ನೋಡಿದ, ದುರುಗುಟ್ಟಿ ನೋಡಿದ, ಎವೆಯಿಕ್ಕದೆ ನೋಡಿದ, ಕಡೆಗಣ್ಣಲ್ಲಿ ನೋಡಿದ. ಇಂಗ್ಲಿಷಿನಲ್ಲಿ ಈ ಬಗೆಗಳೆಲ್ಲ ಬಹುಮಟ್ಟಿಗೆ ಕ್ರಿಯಾಪದದ ಒಳಗೇ ಕೂತಿರುತ್ತವೆ. ನಮ್ಮ ‘ದುರುಗುಟ್ಟಿ ನೋಡಿದ’ ಅಲ್ಲಿ ‘ಗ್ಲೇರ್’ ಎಂಬ ಒಂದೇ ಪದ. ಹಾಗಾಗಿ ಪದ ಆರಿಸುವುದೆಂದರೆ ಆ ಕಣ್ಣಿನ ಹಿಂದೆ ಏನಿದೆ ಎಂದು ತೀರ್ಮಾನಿಸುವುದೇ ಆಗುತ್ತದೆ.

ಮೊದಲಿಗೆ ಎಲ್ಲರೂ ಮಾಡುವಂತೆ ಸಮಾನಾರ್ಥಕ ಪದಗಳ ಕೋಶ ತೆರೆಯುತ್ತಿದ್ದೆ. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ ಪ್ರಕಟಿಸಿದ ಥಿಸಾರಸ್ ಈ ಜಾತಿಯ ಕೋಶಗಳಲ್ಲಿ ಅತಿ ಪ್ರಸಿದ್ಧ. ಅವನು ಪದಗಳನ್ನು ಅಕ್ಷರಾನುಕ್ರಮದಲ್ಲಿ ಇಡದೆ ಭಾವನೆ, ವಿಚಾರಗಳ ಗುಂಪುಗಳಾಗಿ ಜೋಡಿಸಿದ. ಅರ್ಥ ಬರೆಯಲಿಲ್ಲ. ಪದ ಗೊತ್ತಿದ್ದು ಆ ಗಳಿಗೆಗೆ ನೆನಪಾಗದವನಿಗೆ ಅದು ದೊಡ್ಡ ಉಪಕಾರ. ಪದವೇ ಗೊತ್ತಿಲ್ಲದವನಿಗೆ ಅಲ್ಲಿ ಸ್ಟೇರ್, ಗೇಝ್, ಗೇಪ್ ಎಲ್ಲವೂ ಒಂದೇ ಮುಖ ಹೊತ್ತು ಸಾಲಾಗಿ ನಿಂತಿರುತ್ತವೆ. ನಾನೀಗ ಪದ ನೆನಪಿಸಿಕೊಳ್ಳುವುದಕ್ಕೆ ಮಾತ್ರ ಅದನ್ನು ತೆರೆಯುತ್ತೇನೆ, ಆರಿಸುವುದಕ್ಕೆ ಅಲ್ಲ. ಆರಿಸಲು ನನಗೆ ದಾರಿ ತೋರಿದ್ದು ಇಂಗ್ಲಿಷ್ ಕಲಿಯುವವರಿಗೆಂದೇ ಬರೆದ ನಿಘಂಟುಗಳು. ವಿದ್ವಾಂಸರ ದಪ್ಪ ನಿಘಂಟಿಗಿಂತ ಇವೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಹೊರಗಿನವನಿಗೆ ಎಲ್ಲಿ ಗೊಂದಲವಾಗುತ್ತದೆ ಎಂಬುದು ಅವಕ್ಕೆ ಗೊತ್ತು.

ಮೂರು ಬುನಾದಿ ಪದಗಳನ್ನು ಮೊದಲು ಬೇರ್ಪಡಿಸಿಕೊಂಡೆ. ‘ಸೀ’ ಎಂದರೆ ಕಣ್ಣಿಗೆ ಬಿತ್ತು, ಕಾಣಿಸಿತು. ಅದಕ್ಕೆ ಮನಸ್ಸು ಬೇಕಿಲ್ಲ. ‘ಲುಕ್’ ಎಂದರೆ ಬೇಕೆಂದೇ ಕಣ್ಣು ಹಾಯಿಸಿದ. ‘ವಾಚ್’ ಎಂದರೆ ಚಲಿಸುತ್ತಿರುವುದನ್ನು, ಇಲ್ಲವೇ ಮುಂದೆ ಏನಾದರೂ ಆಗಬಹುದಾದ್ದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ. ಚಿತ್ರಪಟವನ್ನು ‘ಲುಕ್ ಅಟ್’ ಮಾಡುತ್ತಾರೆ, ಆಟವನ್ನು ‘ವಾಚ್’ ಮಾಡುತ್ತಾರೆ. ಸಿನಿಮಾದ ಮಾತು ಬಂದಾಗ ಮಾತ್ರ ಸ್ವಲ್ಪ ತಕರಾರು: ಚಿತ್ರಮಂದಿರಕ್ಕೆ ಹೋಗಿ ನೋಡಿದರೆ ಸಾಮಾನ್ಯವಾಗಿ ‘ಸೀ’, ಟಿವಿಯಲ್ಲಿ ನೋಡಿದರೆ ‘ವಾಚ್’. ಇನ್ನು ‘ಐ ಆಮ್ ಸೀಯಿಂಗ್ ಹಿಮ್’ ಎಂದು ಬರೆದರೆ ಇಂಗ್ಲಿಷ್ ಓದುಗ ಅವರಿಬ್ಬರ ನಡುವೆ ಪ್ರೇಮವಿದೆ ಎಂದುಕೊಂಡಾನು. ಕಿಟಕಿಯಿಂದ ಮಗನನ್ನು ನೋಡುತ್ತಿರುವ ತಾಯಿಯ ಬಾಯಲ್ಲಿ ಈ ಮಾತು ಇಡುವ ಹಾಗಿಲ್ಲ.

ಆಮೇಲೆ ಬರುವುದು ಹೊತ್ತಿನ ಪ್ರಶ್ನೆ. ಎಷ್ಟು ಹೊತ್ತು ನೋಡಿದ? ‘ಗ್ಲಾನ್ಸ್’ ಒಂದು ಕ್ಷಣದ್ದು, ಆದರೆ ಉದ್ದೇಶಪೂರ್ವಕ: ಗಡಿಯಾರದ ಕಡೆ, ಹೆಗಲ ಮೇಲಿಂದ ಹಿಂದಕ್ಕೆ. ‘ಗ್ಲಿಂಪ್ಸ್’ ಕೂಡ ಕ್ಷಣದ್ದೇ, ಆದರೆ ತಾನಾಗಿ ಸಿಕ್ಕಿದ್ದು: ಜನಸಂದಣಿಯಲ್ಲಿ ಅವಳ ಮುಖ ಹಾಗೆ ಕಂಡು ಹೀಗೆ ಮರೆಯಾಯಿತು. ಇವೆರಡನ್ನೂ ಪಾಠ ಓದಿದಂತೆ ಓದಿದ್ದರೂ ಮನಸ್ಸಿನಲ್ಲಿ ನೆಲೆನಿಂತದ್ದು ಅವುಗಳ ಜೊತೆಗಾರರನ್ನು ಕಂಡ ಮೇಲೆ. ‘ಗ್ಲಾನ್ಸ್’ನ ಜೊತೆ ‘ಟೇಕ್’ ಬರುತ್ತದೆ. ‘ಗ್ಲಿಂಪ್ಸ್’ನ ಜೊತೆ ‘ಕ್ಯಾಚ್’, ಓಡುವುದನ್ನು ಹಿಡಿದ ಹಾಗೆ.

ಜೊತೆಗಾರರನ್ನು ನೋಡುವ ಈ ರೂಢಿಯೇ ನನ್ನ ಕೆಲಸದ ಬೆನ್ನೆಲುಬು. ಒಂದು ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂಬರ್ಥದ ಮಾತನ್ನು ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1957ರಲ್ಲಿ ಬರೆದಿದ್ದರು. ಈಗ ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸಂಗ್ರಹದಲ್ಲಿ ಸುಮಾರು 10 ಕೋಟಿ ಪದಗಳಷ್ಟು ಬರಹ, ಮಾತು ಇದೆ. ಒಂದು ಪದ ಕೊಟ್ಟರೆ ಅದು ಬಂದ ಸಾಲುಗಳೆಲ್ಲ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಅರ್ಥ ಓದದೆ ಸಾಲುಗಳನ್ನಷ್ಟೇ ಓದುತ್ತಾ ಹೋಗುತ್ತೇನೆ. ‘ಸ್ಟೇರ್’ ಶೂನ್ಯ ದೃಷ್ಟಿಯ ಜೊತೆ, ಅಪನಂಬಿಕೆಯ ಜೊತೆ, ದಿಗಿಲಿನ ಜೊತೆ ಓಡಾಡುತ್ತದೆ. ‘ಗೇಝ್’ ಪ್ರೀತಿ, ಹಂಬಲ, ಮೆಚ್ಚುಗೆಯ ಜೊತೆ. ಆಕಾಶ, ಸಮುದ್ರ, ಪ್ರಿಯನ ಕಣ್ಣು ಅದರ ನೆಚ್ಚಿನ ಜಾಗಗಳು. ಎರಡೂ ಎವೆಯಿಕ್ಕದ ನೋಟವೇ. ಅಪರಿಚಿತನೊಬ್ಬ ‘ಗೇಝ್’ ಮಾಡಿದರೆ ಅವನಿಗೆ ಮನಸೋತಿದೆ. ‘ಸ್ಟೇರ್’ ಮಾಡಿದರೆ ಅವನಿಗೆ ನಯವಿಲ್ಲ. ‘ಪಿಯರ್’ ಕತ್ತಲಿನ, ಮಂಜಿನ, ಕನ್ನಡಕದ ಸುತ್ತಮುತ್ತ ಸಿಗುತ್ತದೆ: ಕಾಣದ್ದನ್ನು ಕಾಣಲು ಕಣ್ಣು ಕಿರಿದು ಮಾಡುವವನ ನೋಟ. ‘ಪೀಪ್’ ನಮ್ಮ ಇಣುಕುವುದು, ಕಳ್ಳತನದ ವಾಸನೆ ಅದಕ್ಕೂ ಇದೆ. ‘ಗೇಪ್’ ಮಾಡಲು ಬಾಯಿ ತೆರೆದಿರಲೇಬೇಕು.

ಪಿಳಿಪಿಳಿ ನೋಡುವುದಕ್ಕೆ ಮಾತ್ರ ಇನ್ನೂ ಒಂದೇ ಪದ ಸಿಕ್ಕಿಲ್ಲ. ‘ಬ್ಲಿಂಕ್’ ಎಂದರೆ ಬರೀ ಎವೆ ಬಡಿಯುವುದು, ಆ ಮುಗ್ಧ ಗಲಿಬಿಲಿ ಅದರಲ್ಲಿಲ್ಲ. ಅಲ್ಲಿ ವಾಕ್ಯವನ್ನೇ ಒಡೆದು ಬೇರೆ ಕಟ್ಟುತ್ತೇನೆ.

ಪದದಲ್ಲಿ ನೋಡುವವನ ಭಾವವಷ್ಟೇ ಅಲ್ಲ, ಹೇಳುವವನ ತೀರ್ಪೂ ಇರುತ್ತದೆ. 1948ರಲ್ಲಿ ಬಿಬಿಸಿ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಬರ್ಟ್ರಂಡ್ ರಸೆಲ್ ಇದನ್ನು ವ್ಯಾಕರಣದ ರೂಪಾವಳಿಯಂತೆ ತಮಾಷೆ ಮಾಡಿ ತೋರಿಸಿದ್ದರು: ನಾನು ದೃಢ, ನೀನು ಹಟಮಾರಿ, ಅವನು ಮೊಂಡ ಮೂರ್ಖ. ಅದೇ ಅಚ್ಚಿನಲ್ಲಿ ನಮ್ಮ ಪದವನ್ನು ಹಾಕಿದರೆ, ನಾನು ‘ಅಬ್ಸರ್ವ್’ ಮಾಡುತ್ತೇನೆ, ನೀನು ‘ಸ್ಟೇರ್’ ಮಾಡುತ್ತೀಯ, ಅವನು ‘ಓಗಲ್’ ಮಾಡುತ್ತಾನೆ, ಅಂದರೆ ಕಾಮದ ಕಣ್ಣಲ್ಲಿ ನೋಡುತ್ತಾನೆ. ಕತೆಯ ನಿರೂಪಕಿಗೆ ಆ ಗಂಡಸಿನ ಮೇಲೆ ಇನ್ನೂ ಸಂಶಯ ಹುಟ್ಟಿಲ್ಲದ ಪುಟದಲ್ಲಿ ‘ಓಗಲ್’ ಬಂದರೆ ಕತೆಯ ಗುಟ್ಟು ಅಲ್ಲೇ ಬಯಲು. ಅನುವಾದದ ಕರಡು ತಿದ್ದುವಾಗ ನಾನು ಮೊದಲು ಹುಡುಕುವುದು ಇಂಥ ಆತುರದ ಪದಗಳನ್ನೇ.

ಗಂಭೀರ ಪದಗಳನ್ನು ಆರಿಸಲು ಕನ್ನಡವೇ ನೆರವಾಗುತ್ತದೆ. ನಮ್ಮಲ್ಲಿ ‘ನೋಡು’ ಮನೆಮಾತು, ‘ವೀಕ್ಷಿಸು’, ‘ಅವಲೋಕಿಸು’, ‘ಪರಿಶೀಲಿಸು’ ಸಂಸ್ಕೃತದಿಂದ ಬಂದು ಕಚೇರಿ, ಸಭೆಗಳಲ್ಲಿ ಕೂತವು. ಇಂಗ್ಲಿಷಿನಲ್ಲೂ ‘ಲುಕ್’, ‘ಸೀ’, ‘ವಾಚ್’ ಹಳೆಯ ಇಂಗ್ಲಿಷಿನವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಹೊಳೆಯಾಗಿ ಹರಿದುಬಂದವು, ಲ್ಯಾಟಿನ್ನಿನವೂ ಸೇರಿಕೊಂಡವು. ‘ಸರ್ವೇ’, ‘ರಿಗಾರ್ಡ್’, ‘ಇನ್‌ಸ್ಪೆಕ್ಟ್’ ಆ ಕಡೆಯವು. ಅಜ್ಜಿ ಸೊಪ್ಪನ್ನು ತಿರುವಿ ನೋಡಿದರೆ ‘ಇನ್‌ಸ್ಪೆಕ್ಟ್’ ಎಂದು ಬರೆಯಬಹುದು, ಆದರೆ ಆಗ ಅಜ್ಜಿ ಅಧಿಕಾರಿಯಾಗುತ್ತಾಳೆ. ಕತೆಗಾರ ನಗಿಸಲು ಹೊರಟಿದ್ದರೆ ಸರಿಯೇ. ಇಲ್ಲದಿದ್ದರೆ ‘ಲುಕ್ ಓವರ್’ ಸಾಕು. ‘ಓವರ್‌ಲುಕ್’ ಅಲ್ಲ ಮತ್ತೆ, ಅದು ಗಮನಿಸದೆ ಬಿಡುವುದು.

ಇಷ್ಟೆಲ್ಲ ಗೊತ್ತಾದ ಮೇಲೆ ಪುಟಪುಟಕ್ಕೂ ಬಣ್ಣದ ಪದ ಹಾಕುವ ಚಪಲ ಬರುತ್ತದೆ. ನಾನು ಹೆಚ್ಚು ಕಡೆ ‘ಲುಕ್’ ಎಂದೇ ಬಿಡುತ್ತೇನೆ. ಮೂಲದಲ್ಲಿ ಬರೀ ‘ನೋಡಿದ’ ಎಂದಿದ್ದರೆ, ಅದನ್ನು ‘ಗೇಝ್’ ಮಾಡುವ ಹಕ್ಕು ನನಗಿಲ್ಲ.

‘ಪೆರೂಸ್’ ಪದವನ್ನಂತೂ ಪೂರ್ತಿ ಕೈಬಿಟ್ಟಿದ್ದೇನೆ. ನಿಘಂಟುಗಳಲ್ಲಿ ಅದಕ್ಕೆ ಗಮನವಿಟ್ಟು ಓದು ಎಂಬ ಅರ್ಥವಿದೆ, ಬಳಕೆಯಲ್ಲಿ ಬಹಳ ಜನ ಸುಮ್ಮನೆ ಕಣ್ಣಾಡಿಸು ಎಂದು ತಿಳಿಯುತ್ತಾರೆ. ‘ಸ್ಕ್ಯಾನ್’ನದೂ ಇದೇ ಪಾಡು. ಪಾತ್ರ ಕಾಗದವನ್ನು ನಿಜಕ್ಕೂ ಓದಿತೋ ಇಲ್ಲವೋ ಎಂಬುದರ ಮೇಲೆ ಕತೆ ನಿಂತಿದ್ದರೆ, ‘ರೀಡ್ ಕೇರ್‌ಫುಲಿ’ ಇಲ್ಲವೇ ‘ಸ್ಕಿಮ್’ ಎಂದು ನೇರವಾಗಿ ಬರೆಯುತ್ತೇನೆ.