ಟ್ಯಾಕ್ಸಿ ಮಾಡುವಾಗ ಕೆಂಪು ಹಿಡಿ ಎಲ್ಲಿರಬೇಕು?

ನನ್ನ ಪಕ್ಕ ಕೂತು ಹಾರಾಟ ಕಲಿಯುವವರಲ್ಲಿ ತುಂಬಾ ಜನ, ಎಂಜಿನ್ ಸ್ಟಾರ್ಟ್ ಆದ ಕೂಡಲೇ ಗಾಳಿಗೆ ಎಷ್ಟು ಇಂಧನ ಬೆರೆಯಬೇಕೆಂದು ಹೊಂದಿಸುವ ಕೆಂಪು ಮಿಕ್ಸ್ಚರ್ ಹಿಡಿಯನ್ನು ಪೂರ್ತಿ ಒಳಗೆ ತಳ್ಳಿ ಮರೆತೇಬಿಡುತ್ತಾರೆ. ಪೂರ್ತಿ ಒಳಗೆ ಅಂದರೆ ಫುಲ್ ರಿಚ್, ಇಂಧನ ಜಾಸ್ತಿ; ಹೊರಗೆಳೆದಷ್ಟೂ ಲೀನ್, ಇಂಧನ ಕಮ್ಮಿ. "ರಿಚ್ ಇದ್ರೆ ಎಂಜಿನ್‌ಗೆ ಒಳ್ಳೇದಲ್ವಾ ಸರ್?" ಅಂತ ಕೇಳುತ್ತಾರೆ. ಫುಲ್ ಪವರ್‌ನಲ್ಲಿ ಮೇಲೇರುವಾಗ ಹೌದು. ಟ್ಯಾಕ್ಸಿವೇಯಲ್ಲಿ, ಅಂದರೆ ನೆಲದ ಮೇಲೆ ರನ್‌ವೇ ಕಡೆ ಸಾಗುವಾಗ, ಅಲ್ಲ.

ಸಮಸ್ಯೆ ಇರೋದು ಇಂಧನದ ಸೀಸದಲ್ಲಿ. ಸಣ್ಣ ವಿಮಾನಗಳ ಪೆಟ್ರೋಲಾದ 100 ಎಲ್‌ಎಲ್‌ನಲ್ಲಿ ಲೀಟರಿಗೆ ಅರ್ಧ ಗ್ರಾಂನಷ್ಟು ಸೀಸ ಇರಬಹುದು. ಅದನ್ನು ಹೊಗೆಯ ಜೊತೆ ಹೊರಗೆ ಕಳಿಸಲು ಎಥಿಲೀನ್ ಡೈಬ್ರೋಮೈಡ್ ಬೆರೆಸಿರುತ್ತಾರೆ. ಆದರೆ ಅದು ಕೆಲಸ ಮಾಡಬೇಕಾದರೆ ಸ್ಪಾರ್ಕ್ ಪ್ಲಗ್ಗಿನ ಮೂತಿ 400 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರಬೇಕು. 600–700 ಆರ್‌ಪಿಎಂನಲ್ಲಿ, ಫುಲ್ ರಿಚ್‌ನಲ್ಲಿ ಅಷ್ಟು ಕಾಯೋದೇ ಇಲ್ಲ. ಇಂಥ ಎಂಜಿನ್ನಿನ ಕೆಳಗಿನ ಸಾಲಿನ ಪ್ಲಗ್ ಬಿಚ್ಚಿಸಿ ನೋಡಿ. ಪಿಂಗಾಣಿಗೂ ಲೋಹಕ್ಕೂ ನಡುವಿನ ಸಂದಿಯಲ್ಲಿ ಸಾಸಿವೆ ಗಾತ್ರದ ಬೂದು ಗುಂಡುಗಳು ಕಚ್ಚಿಕೊಂಡಿರುತ್ತವೆ. ಅದೇ ಸೀಸ. ಮೆಕ್ಯಾನಿಕ್ ಚೂಪಾದ ಕಡ್ಡಿ ಹಿಡಿದು ಒಂದೊಂದಾಗಿ ಕೆದಕಿ ತೆಗೆಯಬೇಕು.

ಹಾಗಾಗಿ ಹೀಗೆ ಮಾಡಿ. ನಾನು ಹೇಳುತ್ತಿರುವುದು ಲೈಕಮಿಂಗ್ ಓ-320, ಓ-360 ಥರದ ಕಾರ್ಬ್ಯುರೇಟರ್ ಎಂಜಿನ್‌ಗಳ ಬಗ್ಗೆ. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ರೋಟ್ಯಾಕ್ಸ್ 912 ಹಾರಿಸುವವರಿಗೆ ಈ ಹಿಡಿಯೇ ಇರುವುದಿಲ್ಲ, ಪುಣ್ಯವಂತರು.

ಆಯಿಲ್ ಪ್ರೆಷರ್ ಬಂದ ಮೇಲೆ ಥ್ರಾಟಲ್ಲನ್ನು 1000–1200 ಆರ್‌ಪಿಎಂಗೆ ಇಡಿ. ಹಿಡಿಯನ್ನು ನಿಧಾನವಾಗಿ ಹೊರಗೆಳೆಯಿರಿ. ಆರ್‌ಪಿಎಂ ಮುಳ್ಳು ಸ್ವಲ್ಪ ಏರುತ್ತದೆ, ಆಮೇಲೆ ಇಳಿಯತೊಡಗುತ್ತದೆ, ಎಂಜಿನ್ ತಡವರಿಸುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಮಾತ್ರ ಒಳಗೆ ತಳ್ಳಿ. ಇಷ್ಟು ಕಮ್ಮಿ ಪವರ್‌ನಲ್ಲಿ ಎಷ್ಟು ಲೀನ್ ಮಾಡಿದರೂ ಎಂಜಿನ್ ಸುಡೋದಿಲ್ಲ, ಹೆಚ್ಚೆಂದರೆ ನಿಂತುಹೋಗುತ್ತದೆ.

ಸುಮ್ನೆ ಒಂದಿಂಚು ಎಳೆದು ಬಿಡೋದು ಮಾತ್ರ ಬೇಡ. ಆ ಎಡಬಿಡಂಗಿ ಲೀನ್ ನಿಜಕ್ಕೂ ಅಪಾಯ. ಮರೆತು ಹಾಗೇ ಟೇಕಾಫ್‌ಗೆ ಹೊರಟರೆ ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಒಳಗೆ ಸಿಲಿಂಡರ್ ಕಾಯುತ್ತದೆ, ಡಿಟೊನೇಷನ್, ಅಂದರೆ ಇಂಧನ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯೋದು, ಶುರುವಾಗಬಹುದು. ಚೆನ್ನಾಗಿ ಲೀನ್ ಮಾಡಿದ್ದರೆ, ಥ್ರಾಟಲ್ ಕೊಟ್ಟ ಕೂಡಲೇ ಕೆಮ್ಮಿ ನಿಮ್ಮನ್ನು ಎಚ್ಚರಿಸುತ್ತದೆ. ಟ್ಯಾಕ್ಸಿ ಶುರು ಮಾಡುವ ಮೊದಲೇ ಥ್ರಾಟಲ್ ಸ್ವಲ್ಪ ಮುಂದೆ ತಳ್ಳಿ ನೋಡಿ. ಎಂಜಿನ್ ಕೆಮ್ಮದಿದ್ದರೆ ಇನ್ನೂ ಎಳೆಯಿರಿ.

ಟೇಕಾಫ್‌ಗೆ ಮುನ್ನ ಎಂಜಿನ್ ಏರಿಸಿ ಪರೀಕ್ಷಿಸುವ ರನ್‌ಅಪ್‌ಗೆ ಚೆಕ್‌ಲಿಸ್ಟ್ ಹೇಳಿದಷ್ಟು ರಿಚ್. ಮುಗಿದ ಮೇಲೆ ಕ್ಯೂನಲ್ಲಿ ಕಾಯಬೇಕಾದರೆ ಮತ್ತೆ ಲೀನ್. ರನ್‌ವೇಗೆ ಹತ್ತುವ ಮುನ್ನ ಹಿಡಿ ಒಳಗೆ. ಎತ್ತರದ ಏರ್‌ಫೀಲ್ಡ್ ಆದರೆ, ಅದರಲ್ಲೂ ಬಿರುಬಿಸಿಲಿನ ದಿನ, ಫುಲ್ ರಿಚ್ ಬೇಡ. ಸೆಸ್ನಾ 172ರಲ್ಲಿ 3000 ಅಡಿಗಿಂತ ಮೇಲೆ, ಫುಲ್ ಥ್ರಾಟಲ್‌ನಲ್ಲಿ ಆರ್‌ಪಿಎಂ ಅತಿ ಹೆಚ್ಚು ಬರುವ ಕಡೆ ನಿಲ್ಲಿಸಬೇಕು. ಟರ್ಬೊ ಎಂಜಿನ್‌ಗಳಿಗೆ ಟೇಕಾಫ್‌ಗೆ ಲೀನ್ ಮಾಡುವ ಈ ಮಾತು ಅನ್ವಯಿಸೋದಿಲ್ಲ.

ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸುವ ಮ್ಯಾಗ್ನೆಟೊ ಚೆಕ್‌ನಲ್ಲಿ ಒಂದು ಕಡೆ ಎಂಜಿನ್ ಗಡಗಡ ಅಂದರೆ ಗಾಬರಿ ಬೇಡ, ಹೆಚ್ಚಾಗಿ ಪ್ಲಗ್ ಕೊಳೆಯಾಗಿರುತ್ತದೆ. ಎರಡೂ ಮ್ಯಾಗ್ನೆಟೊ ಆನ್ ಇಟ್ಟು 1800–2000 ಆರ್‌ಪಿಎಂಗೆ ಏರಿಸಿ, ಆರ್‌ಪಿಎಂ ಅತಿ ಹೆಚ್ಚು ಬರುವವರೆಗೆ ಲೀನ್ ಮಾಡಿ. ಅರ್ಧ ನಿಮಿಷ ಹಾಗೇ ಬಿಡಿ, ಆಮೇಲೆ ರಿಚ್ ಮಾಡಿ ಮತ್ತೆ ಚೆಕ್ ಮಾಡಿ. ಇನ್ನೊಂದು ಸಲ ಮಾಡಿದರೂ ಸರಿಹೋಗದಿದ್ದರೆ ವಾಪಸ್ ಹ್ಯಾಂಗರ್‌ಗೆ. "ಮೇಲೆ ಹೋದ ಮೇಲೆ ಸರಿಯಾಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ.

ನಿಲ್ಲಿಸುವಾಗಲೂ ಅವಸರ ಮಾಡಬೇಡಿ. ಲೈಕಮಿಂಗ್ ಕಂಪನಿಯ ಸಲಹೆಯಂತೆ 1800 ಆರ್‌ಪಿಎಂನಲ್ಲಿ 15–20 ಸೆಕೆಂಡ್ ಓಡಿಸಿ, 1000–1200ಕ್ಕೆ ಇಳಿಸಿ, ತಕ್ಷಣ ಮಿಕ್ಸ್ಚರ್ ಎಳೆದು ಆಫ್ ಮಾಡಿ. ಎಳೆಯುವಾಗ ಕಣ್ಣು ಮುಳ್ಳಿನ ಮೇಲಿರಲಿ. ಸಾಯುವ ಮೊದಲು ಆರ್‌ಪಿಎಂ ಒಂದಿಷ್ಟು, ಹೆಚ್ಚೆಂದರೆ 50ರಷ್ಟು, ಮೇಲೆ ಹಾರಬೇಕು. ಅದಕ್ಕಿಂತ ಜಾಸ್ತಿ ಹಾರಿದರೆ ಐಡಲ್ ಸೆಟ್ಟಿಂಗ್ ತೀರಾ ರಿಚ್, ಏರದೇ ನಿಂತರೆ ತೀರಾ ಲೀನ್. ಎರಡೂ ಮೆಕ್ಯಾನಿಕ್ ತಿದ್ದಬೇಕಾದ ಕೆಲಸ, ಲಾಗ್‌ನಲ್ಲಿ ಬರೆದಿಡಿ.