ಹಬ್ ಗೇರ್ ಸೈಕಲ್: ಕೊಳ್ಳುವ ಮುಂಚೆ, ಹೊರಡುವ ಮುಂಚೆ

ಸಾಮಾನು ಹೇರಿಕೊಂಡು ದೂರ ಹೋಗಲು ಸೈಕಲ್ ಹುಡುಕುತ್ತಿದ್ದೀರಾ? ಹಬ್ ಗೇರ್ ಸೈಕಲನ್ನೂ ಒಮ್ಮೆ ನೋಡಿ. ಇದರಲ್ಲಿ ಗೇರುಗಳೆಲ್ಲ ಹಿಂದಿನ ಚಕ್ರದ ನಡುವಿನ ಹಬ್‌ ಒಳಗೇ ಕೂತಿರುತ್ತವೆ. ಕೆಸರು, ಧೂಳು ಅಲ್ಲಿಗೆ ಸುಲಭಕ್ಕೆ ಹೋಗುವುದಿಲ್ಲ. ಹೊರಗೆ ನೇತಾಡುವ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇಲ್ಲದ ಕಾರಣ ಸೈಕಲ್ ಬಿದ್ದರೆ ಅದು ಬಾಗೀತೆಂಬ ಭಯವೂ ಇಲ್ಲ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ, ನಿಜ. ಆದರೂ ದೂರದ ದಾರಿಗೆ ನನ್ನ ಮತ ಇದಕ್ಕೇ.

ಕೊಳ್ಳುವಾಗ ಗೇರು ಎಷ್ಟಿವೆ ಎಂದು ಎಣಿಸಿದರೆ ಸಾಲದು. ಅತಿ ಹಗುರ ಗೇರಿಗೂ ಅತಿ ಭಾರದ ಗೇರಿಗೂ ಎಷ್ಟು ಅಂತರ ಇದೆ ಅಂತ ಕೇಳಿ. ಸ್ಟರ್ಮಿ-ಆರ್ಚರ್‌ನ ಹಳೇ ಮಾದರಿಯ ಮೂರು ಗೇರಿನ ಹಬ್‌ನಲ್ಲಿ ಇದು ಸುಮಾರು 177 ಪರ್ಸೆಂಟ್, ಅಂದರೆ ಅತಿ ಭಾರದ ಗೇರು ಅತಿ ಹಗುರದ್ದರ 1.77 ಪಟ್ಟು. ಸಮತಟ್ಟು ರಸ್ತೆಗೆ ಸಾಕು. ಶಿಮಾನೊದ ಎಂಟು ಗೇರಿನ ಆಲ್ಫೈನ್‌ನಲ್ಲಿ 307, ಹನ್ನೊಂದು ಗೇರಿನದರಲ್ಲಿ 409. ಜರ್ಮನಿಯ ರೋಲೋಫ್ ಹಬ್‌ಗೆ 14 ಗೇರು, 526 ಪರ್ಸೆಂಟ್. ಬೆಟ್ಟ ಹತ್ತುವವರು ಇದನ್ನು ಮೆಚ್ಚುವುದು ಸುಮ್ನೆ ಅಲ್ಲ.

ಅಂಕಿ ಬೇಡವೆಂದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದನೇ ಗೇರಿಗೆ ಹಾಕಿ, ಹಿಂದಿನ ಚಕ್ರ ಎತ್ತಿ ಹಿಡಿಯಿರಿ. ಪೆಡಲನ್ನು ಕೈಯಿಂದ ನಿಧಾನವಾಗಿ ಸರಿಯಾಗಿ ಒಂದು ಸುತ್ತು ತಿರುಗಿಸಿ. ಕಣ್ಣು ಟ್ಯೂಬಿನ ವಾಲ್ವ್ ಮೇಲಿರಲಿ. ವಾಲ್ವ್ ಮುಕ್ಕಾಲು ಸುತ್ತು ಬಂದು ನಿಂತರೆ ಹೇರು ಹೊತ್ತು ಏರು ಹತ್ತಬಹುದು. ಪೂರ್ತಿ ಸುತ್ತು ಬಂದರೆ ಕಡಿದಾದ ದಾರಿಯಲ್ಲಿ ಮೊಣಕಾಲು ನೋಯುತ್ತದೆ. ಆಗ ಮುಂದಿನ ಹಲ್ಲುಚಕ್ರ ಚಿಕ್ಕದು ಹಾಕಿಕೊಡಲು ಕೇಳಿ, ಆದರೆ ಹಬ್ ಕಂಪನಿ ಹೇಳಿದ ಮಿತಿಗಿಂತ ಕೆಳಗೆ ಇಳಿಯಬೇಡಿ. ಹಬ್‌ ಒಳಗೆ ಬೀಳುವ ಒತ್ತಡ ಮಿತಿ ಮೀರುತ್ತದೆ.

ಚೈನ್ ಬಿಗಿ ಮಾಡುವ ವ್ಯವಸ್ಥೆ ಫ್ರೇಮಿನಲ್ಲಿದೆಯೇ ನೋಡಿ. ಮಧ್ಯದಲ್ಲಿ ಒತ್ತಿದರೆ ಚೈನು ಸುಮಾರು ಒಂದು ಸೆಂಟಿಮೀಟರ್ ಆಡಬೇಕು.

ಓಡಿಸುವಾಗ ಅಭ್ಯಾಸ ಆಗಬೇಕಾದದ್ದು ಒಂದೇ. ಗೇರ್ ಬದಲಿಸುವ ಕ್ಷಣ ಪೆಡಲ್ ಮೇಲಿನ ಒತ್ತಡ ಸಡಿಲಿಸಿ. ಸಿಗ್ನಲ್‌ನಲ್ಲಿ ನಿಂತೇ ಗೇರ್ ಇಳಿಸಬಹುದು. ಹೇರು ಇದ್ದಾಗ ಇದೆಷ್ಟು ಅನುಕೂಲ ಅಲ್ವಾ?

ಹೊರಡುವ ಮುಂಚೆ ಹಿಂದಿನ ಚಕ್ರ ಬಿಚ್ಚಿ ಜೋಡಿಸುವುದನ್ನು ಮನೆಯಲ್ಲೇ ಕಲಿಯಿರಿ. ಇದನ್ನು ತಪ್ಪಿಸಲೇಬೇಡಿ. ಎಂಟು ಗೇರಿನ ಶಿಮಾನೊ ಆದರೆ ಒಂದನೇ ಗೇರಿಗೆ ತಂದು ಕೇಬಲ್ ಬಿಡಿಸಿ, 15 ಎಂಎಂ ಸ್ಪ್ಯಾನರಿನಿಂದ ನಟ್ ಸಡಿಲಿಸಿ. ಆಕ್ಸಲ್ ತಿರುಗದಂತೆ ತಡೆಯುವ ವಾಷರುಗಳು ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ. ಬಿಚ್ಚುವಾಗಲೇ ಫೋನಿನಲ್ಲಿ ಫೋಟೊ ತೆಗೆದಿಡಿ. ಜೋಡಿಸಿದ ಮೇಲೆ ನಾಲ್ಕನೇ ಗೇರಿಗೆ ಹಾಕಿದರೆ ಹಬ್‌ ಪಕ್ಕದಲ್ಲಿ ಎರಡು ಹಳದಿ ಗೆರೆಗಳು ಕಾಣುತ್ತವೆ. ಅವು ಒಂದೇ ನೇರಕ್ಕೆ ಬರುವವರೆಗೆ ಕೇಬಲ್‌ನ ತಿರುಪು ತಿರುಗಿಸಿ. ನೇರ ತಪ್ಪಿದರೆ ಗೇರು ಜಾರಬಹುದು.

ದಾರಿಯಲ್ಲಿ ಪಂಕ್ಚರ್ ಆದರೆ ಎಷ್ಟೋ ಸಲ ಚಕ್ರ ಬಿಚ್ಚಬೇಕಾಗಿಯೇ ಇಲ್ಲ. ಸೈಕಲ್ ಮಲಗಿಸಿ, ಮುಳ್ಳು ಚುಚ್ಚಿದ ಜಾಗದಲ್ಲಿ ಟೈರಿನ ಒಂದು ಬದಿ ಎಬ್ಬಿಸಿ, ಅಷ್ಟೇ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿ. ಮುಳ್ಳು ಕೀಳಲು ಮರೆಯಬೇಡಿ.

ಜೊತೆಗೆ ಗೇರ್ ಕೇಬಲ್ ಒಂದು, ಸ್ಪೋಕ್ ನಾಲ್ಕಾರು ಇರಲಿ. ಹಬ್ ದಪ್ಪ ಇರುವುದರಿಂದ ಹಿಂದಿನ ಸ್ಪೋಕ್‌ಗಳು ಗಿಡ್ಡ. ಆ ಅಳತೆಯವು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ರೋಲೋಫ್ ಆದರೆ 5000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಪ್ರವಾಸ ಉದ್ದವಿದ್ದರೆ ಹೊರಡುವ ಮೊದಲೇ ಈ ಕೆಲಸ ಮುಗಿಸಿ.

ವಿಮಾನಕ್ಕೆ ಪ್ಯಾಕ್ ಮಾಡುವಾಗ ಪೆಡಲ್ ಬಿಚ್ಚಬೇಕಾಗುತ್ತದೆ. ಬಲ ಪೆಡಲ್ ಎಲ್ಲ ತಿರುಪುಗಳಂತೆಯೇ ಬಿಚ್ಚಿಕೊಳ್ಳುತ್ತದೆ. ಎಡದ್ದರ ತಿರುಪು ಉಲ್ಟಾ, ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೇ ಸಡಿಲವಾಗುವುದು.