ಎಂಎಕ್ಸ್-5 ಕಾರಿಗೆ ಸ್ಪ್ರಿಂಗ್, ಡ್ಯಾಂಪರ್ ಆರಿಸಿದ್ದು ಹೀಗೆ

ನಾನು ಕಾರು ಕಲಿತದ್ದು ಆಗುಂಬೆ ಘಾಟಿಯಲ್ಲಿ, ಅಪ್ಪನ ಮಾರುತಿ 800ರಲ್ಲಿ. 14 ಹೇರ್‌ಪಿನ್ ತಿರುವುಗಳು. ಒಂದೊಂದು ತಿರುವಿನಲ್ಲೂ ಕಾರು ಹೊರಗಡೆ ವಾಲುತ್ತಿತ್ತು. ಹಿಂದಿನ ಸೀಟಿನಲ್ಲಿ ಅಜ್ಜಿ ಮೇಲಿನ ಹಿಡಿಕೆಗೆ ಜೋತುಬಿದ್ದು ಕೂರುತ್ತಿದ್ದರು. ವಾಲದ ಕಾರು ಬೇಕು ಅನ್ನುವ ಆಸೆ ಆಗಲೇ ಹುಟ್ಟಿದ್ದು.

ಈಗ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದಲ್ಲಿದ್ದೇನೆ. ಮನೆ ಮುಂದೆ 2001ರ ಮಾಜ್ದಾ ಎಂಎಕ್ಸ್-5 ನಿಂತಿದೆ. ಎರಡನೇ ತಲೆಮಾರಿನದು, 1.8 ಲೀಟರ್ ಎಂಜಿನ್, ತೂಕ ಸುಮಾರು 1,060 ಕೆ.ಜಿ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್, ಅಂದರೆ ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಸಸ್ಪೆನ್ಷನ್ ಬಗ್ಗೆ ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ಇಲ್ಲ ಅನ್ನುವುದು ನನ್ನ ನಂಬಿಕೆ. ಹಗುರ, ಸರಳ, ಏನು ಬದಲಿಸಿದರೂ ಕೂಡಲೇ ಗೊತ್ತಾಗುತ್ತದೆ.

ಕೊಂಡಾಗ ಕಾರು ಎತ್ತರದ ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತಿತ್ತು. ಟೈರಿಗೂ ಅದರ ಮೇಲಿನ ಫೆಂಡರಿಗೂ (ಚಕ್ರದ ಮೇಲಿನ ತಗಡಿಗೂ) ನಡುವೆ ಅಂಗೈ ಹೋಗುವಷ್ಟು ಜಾಗ. ಮೊದಲ ಬೇಸಿಗೆಯಲ್ಲೇ ಅಗ್ಗದ ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರಿನ ಎತ್ತರ ಇಳಿಸುವ ಸ್ಪ್ರಿಂಗ್, ಒಂದು ಸೆಟ್ ತರಿಸಿ ಹಾಕಿದೆ. ಡ್ಯಾಂಪರ್, ಅಂದರೆ ನಾವೆಲ್ಲ ಶಾಕ್ ಅಬ್ಸಾರ್ಬರ್ ಅನ್ನುವುದು, ಹಳೆಯದೇ ಉಳಿಯಿತು. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಮೊದಲು 355 ಮಿ.ಮೀ. ಇತ್ತು, ಆಮೇಲೆ 318ಕ್ಕೆ ಬಂತು. ನೋಡಲು ತುಂಬಾ ಚೆನ್ನಾಗಿತ್ತು. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ಒಳಗೆ ಹೋಗುತ್ತಿತ್ತು. ಒಂದು ವಾರ ಖುಷಿಯಲ್ಲಿದ್ದೆ.

ಆಮೇಲೆ ಒಂದು ಭಾನುವಾರ ಹೆಂಡತಿಯ ಜೊತೆ ಬ್ಲ್ಯಾಕ್ ಫಾರೆಸ್ಟ್ ಕಡೆ ಹೋದೆವು. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಷ್ಟಾಟ್‌ಗೆ ಹೋಗುವ ಬಿ500 ರಸ್ತೆ, ನಮ್ಮ ಮಲೆನಾಡನ್ನೇ ನೆನಪಿಸುವ ಕಾಡಿನ ದಾರಿ. ಒಂದು ಉದ್ದನೆಯ ಎಡತಿರುವಿನ ನಡುವೆ ಡಾಂಬರು ಸ್ವಲ್ಪ ಉಬ್ಬಿತ್ತು. ವೇಗ ಗಂಟೆಗೆ 70 ಕಿ.ಮೀ. ಕೂಡ ಇರಲಿಲ್ಲ. ಉಬ್ಬಿನ ಮೇಲೆ ಹಿಂದಿನ ಬಲಚಕ್ರ ಹೋದಾಗ ‘ಡಬ್’ ಅಂತ ಸದ್ದು ಬಂತು. ಹಿಂಭಾಗ ಪೂರ್ತಿ ಒಂದಡಿ ಹೊರಕ್ಕೆ ಹಾರಿತು. ಸ್ಟೀರಿಂಗ್ ಹಿಂದಕ್ಕೆ ತಿರುಗಿಸಿ ಹಿಡಿದೆ, ಸರಿಯಾಯಿತು. ಎದುರಿನಿಂದ ಬೈಕ್ ಬರುತ್ತಿದ್ದರೆ ಏನಾಗುತ್ತಿತ್ತೋ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ರೀ, ಇದು ಖಾಲಿ ಟ್ರೇಲರ್ ಥರ ಕುಣೀತಿದೆ.”

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಮನೆಗೆ ಬಂದು ಕಾರಣ ಹುಡುಕಲು ಕೂತೆ. ಮಾಡಿದ ಮೊದಲ ಕೆಲಸ ಬಹಳ ಸಣ್ಣದು, ನನಗೆ ಅತಿ ಜಾಸ್ತಿ ಕಲಿಸಿದ್ದೂ ಅದೇ. ಡ್ಯಾಂಪರಿನ ಹೊಳೆಯುವ ರಾಡಿಗೆ ಒಂದು ತೆಳು ಜಿಪ್ ಟೈ ಬಿಗಿದೆ. ಕೈಯಿಂದ ತಳ್ಳಿದರೆ ಜಾರಬೇಕು, ತಾನಾಗಿ ಜಾರಬಾರದು, ಅಷ್ಟೇ ಬಿಗಿ. ಅದನ್ನು ಡ್ಯಾಂಪರಿನ ಮೈಗೆ ತಾಗುವ ಹಾಗೆ ಕೆಳಗೆ ತಳ್ಳಿ, ಮನೆ ಸುತ್ತ ಎರಡು ಕಿ.ಮೀ. ಮೆಲ್ಲಗೆ ಓಡಿಸಿ ಬಂದೆ. ಚಕ್ರ ಎಷ್ಟು ಮೇಲೆ ಹೋಯಿತೋ ಅಷ್ಟು ದೂರ ಟೈ ಕೂಡ ಮೇಲೆ ಸರಿದಿರುತ್ತದೆ. ನನ್ನದರಲ್ಲಿ ಹಿಂದಿನ ಎರಡೂ ಟೈ ಬಂಪ್ ಸ್ಟಾಪಿನ, ಅಂದರೆ ಚಕ್ರ ಇನ್ನೂ ಮೇಲೆ ಹೋಗದ ಹಾಗೆ ಕೊನೆಯಲ್ಲಿ ತಡೆಯುವ ತುಂಡಿನ, ರಬ್ಬರೊಳಗೆ ಹೂತುಹೋಗಿದ್ದವು. ಹಾಲು ತರಲು ಹೋಗಿ ಬರುವ ದಾರಿಯಲ್ಲೇ ಕಾರು ರಬ್ಬರ್ ಮೇಲೆ ಓಡುತ್ತಿತ್ತು.

ಈ ಕಾರಿಗೆ ಮೊದಲಿಂದಲೂ ಮೇಲ್ಮುಖದ ಚಲನೆ ಕಡಿಮೆ. ಸ್ಟಾಕ್, ಅಂದರೆ ಕಂಪನಿ ಕೊಟ್ಟ, ಎತ್ತರದಲ್ಲೇ ದೊಡ್ಡ ಗುಂಡಿಗೆ ಬಂಪ್ ಸ್ಟಾಪ್ ಮುಟ್ಟುತ್ತದೆ. ಅದರಿಂದ 37 ಮಿ.ಮೀ. ಕಿತ್ತುಕೊಂಡರೆ ಏನು ಉಳಿಯುತ್ತದೆ? ತಿರುವಿನಲ್ಲಿ ಹೊರಗಿನ ಹಿಂಚಕ್ರ ರಬ್ಬರಿಗೆ ಬಡಿದ ಕ್ಷಣ, ಅಲ್ಲಿ ಸ್ಪ್ರಿಂಗ್ ಒಮ್ಮೆಗೇ ಹಲವು ಪಟ್ಟು ಗಟ್ಟಿಯಾದ ಹಾಗೆ. ಆ ಟೈರಿನ ಮೇಲೆ ದಿಢೀರ್ ಭಾರ ಬಿದ್ದು ಹಿಡಿತ ಬಿಡುತ್ತದೆ. ಬಿ500ರಲ್ಲಿ ಆದದ್ದು ಇದೇ.

ಒಂದು ಲೆಕ್ಕ ಹೇಳುತ್ತೇನೆ, ಇದನ್ನು ಕಾಗದದ ಮೇಲೆ ಬರೆದ ದಿನ ನನ್ನ ಯೋಚನೆಯೇ ಬದಲಾಯಿತು. ಚಕ್ರ ಮೇಲೇಳಲು 60 ಮಿ.ಮೀ. ಜಾಗ ಇದೆ ಅಂದುಕೊಳ್ಳಿ. 20 ಮಿ.ಮೀ. ಇಳಿಸಿದರೆ ಉಳಿಯುವುದು 40. ಸ್ಪ್ರಿಂಗ್ ನುಂಗುವ ಹೊಡೆತ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. 60ರ ವರ್ಗ 3,600, 40ರ ವರ್ಗ 1,600. ಭಾಗಿಸಿದರೆ 2.25. ಅಂದರೆ ಅದೇ ಉಬ್ಬನ್ನು ರಬ್ಬರ್ ಮುಟ್ಟದೆ ದಾಟಬೇಕಾದರೆ ಸ್ಪ್ರಿಂಗ್ ಎರಡೂಕಾಲು ಪಟ್ಟು ಗಟ್ಟಿ ಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಲೋವರಿಂಗ್ ಸ್ಪ್ರಿಂಗ್ 20–30 ಶೇಕಡಾ ಮಾತ್ರ ಗಟ್ಟಿ ಇರುತ್ತದೆ. ಮಿಕ್ಕದ್ದನ್ನು ಹೊರುವುದು ಬಂಪ್ ಸ್ಟಾಪ್.

ಇಳಿಸಿದ್ದರಿಂದ ಸಿಗುವ ಲಾಭವನ್ನೂ ಲೆಕ್ಕ ಹಾಕಿದೆ. ನಾನು ಕೂತಾಗ ಕಾರು ಸುಮಾರು 1,140 ಕೆ.ಜಿ. ಗುರುತ್ವ ಕೇಂದ್ರ ನೆಲದಿಂದ 46 ಸೆಂ.ಮೀ. ಎತ್ತರ ಅಂತ ಅಂದಾಜು ಮಾಡಿಕೊಂಡೆ, ಎಡಬಲ ಚಕ್ರಗಳ ಅಂತರ 1.42 ಮೀಟರ್. ಟೈರು ಹಿಡಿದಿಡಬಲ್ಲಷ್ಟು ಜೋರಾಗಿ ತಿರುಗಿದರೆ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಸುಮಾರು 330 ಕೆ.ಜಿ. ಭಾರ ಸರಿಯುತ್ತದೆ. 20 ಮಿ.ಮೀ. ಇಳಿಸಿದರೆ ಅದರಲ್ಲಿ ಕಡಿಮೆಯಾಗುವುದು 14–15 ಕೆ.ಜಿ. ಲಾಭ ಇದೆ, ನಿಜ. ಆದರೆ ಅಷ್ಟಕ್ಕಾಗಿ ಚಕ್ರದ ಚಲನೆಯ ಮೂರನೇ ಒಂದು ಪಾಲು ಕೊಡುವುದು ನನಗೆ ತುಂಬಾ ದುಬಾರಿ ಅನ್ನಿಸಿತು. ಸ್ಟೀರಿಂಗ್ ಚುರುಕಾಗಿದೆ ಅನ್ನಿಸಿದ್ದಕ್ಕೆ ಕಾರಣ ಎತ್ತರ ಕಡಿಮೆಯಾದದ್ದಲ್ಲ. ಸ್ಪ್ರಿಂಗ್ ಗಟ್ಟಿಯಾಗಿತ್ತು, ಜೊತೆಗೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು, ತಾನಾಗಿ ಹೆಚ್ಚಿತ್ತು.

ಹಾಗಾಗಿ ಎರಡನೇ ಸಲ ಡ್ಯಾಂಪರಿನಿಂದ ಶುರು ಮಾಡಿದೆ. ಸ್ಪ್ರಿಂಗ್ ಕಾರನ್ನು ಹೊರುತ್ತದೆ, ಆದರೆ ಕುಣಿತ ನಿಲ್ಲಿಸುವುದು ಡ್ಯಾಂಪರ್. ಸ್ಪ್ರಿಂಗ್ 40 ಶೇಕಡಾ ಗಟ್ಟಿಯಾದರೆ ಡ್ಯಾಂಪಿಂಗ್ ಸುಮಾರು 18 ಶೇಕಡಾ ಹೆಚ್ಚಬೇಕು, ಯಾಕೆಂದರೆ ಅದು ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ನನ್ನ ಹಳೆಯ ಡ್ಯಾಂಪರ್ ಬಿಚ್ಚಿ ನಿಲ್ಲಿಸಿ ರಾಡನ್ನು ಒತ್ತಿದೆ. ಒತ್ತಿದಲ್ಲೇ ಕೂತಿತು, ಮೇಲೆ ಬರಲೇ ಇಲ್ಲ. ಎಳೆದರೆ ನಡುವೆ ಒಂದು ಸೆಂಟಿಮೀಟರ್ ಏನೂ ತಡೆಯೇ ಇಲ್ಲ, ಸೈಕಲ್ ಪಂಪಿನ ವಾಷರ್ ಹೋದಾಗ ಆಗುತ್ತದಲ್ಲ, ಹಾಗೆ.

ನನ್ನ ಮುಂದೆ ಎರಡು ದಾರಿ ಇತ್ತು. ಒಂದು ಬಿಲ್‌ಸ್ಟೈನ್, ಒಳಗೆ ಒತ್ತಡದ ಗ್ಯಾಸ್ ತುಂಬಿದ ಮಾನೋಟ್ಯೂಬ್ (ಒಂದೇ ಕೊಳವೆಯ) ಡ್ಯಾಂಪರ್. ಇದರಲ್ಲಿ ಬಿ6 ಸ್ಟಾಕ್ ಎತ್ತರಕ್ಕೆ, ಬಿ8 ಇಳಿಸಿದ ಕಾರಿಗೆ ಅಂತ ಮೈ ಗಿಡ್ಡ ಮಾಡಿದ್ದು. ಈ ವ್ಯತ್ಯಾಸ ನೋಡದೆ ತರಿಸಿದರೆ ಕಷ್ಟ. ಇಳಿಸಿದ ಸ್ಪ್ರಿಂಗಿಗೆ ಉದ್ದ ಮೈಯ ಡ್ಯಾಂಪರ್ ಹಾಕಿದರೆ ಒಳಗಿನ ಪಿಸ್ಟನ್ ತಳದ ಹತ್ತಿರವೇ ಕೆಲಸ ಮಾಡಬೇಕಾಗುತ್ತದೆ. ಇನ್ನೊಂದು ಕೋನಿ ಕಂಪನಿಯ ಹಳದಿ ಬಣ್ಣದ ಸ್ಪೋರ್ಟ್. ಅದರ ರಿಬೌಂಡ್, ಅಂದರೆ ಸ್ಪ್ರಿಂಗ್ ಹಿಗ್ಗುವಾಗಿನ ತಡೆ, ರಾಡಿನ ತುದಿಯಲ್ಲಿ ತಿರುಗಿಸಿ ಬದಲಿಸಬಹುದು. ನನ್ನ ಕಾರಿಗೆ ಬರುವ ಮಾಡೆಲಿನಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಗೆ ಮೈಮೇಲೆ ಒಂದಕ್ಕಿಂತ ಹೆಚ್ಚು ಕಚ್ಚು ಕೊರೆದಿರುತ್ತಾರೆ. ಲಾಕ್ ರಿಂಗ್ ಯಾವ ಕಚ್ಚಿನಲ್ಲಿ ಕೂರಿಸುತ್ತೀರೋ ಅದರ ಮೇಲೆ ಕಾರಿನ ಎತ್ತರ. ಕಲಿಯುವ ಆಸೆ ಇದ್ದದ್ದರಿಂದ ಕೋನಿ ಆರಿಸಿದೆ. ಒಮ್ಮೆ ಹಾಕಿ ಮರೆತುಬಿಡುವವರಿಗೆ ಬಿಲ್‌ಸ್ಟೈನ್ ಒಳ್ಳೆಯದು.

ಸ್ಪ್ರಿಂಗಿಗೆ ನನ್ನ ಬೇಡಿಕೆ ಒಂದೇ: ಇಳಿತ ಕಡಿಮೆ, ಗಟ್ಟಿತನ ಜಾಸ್ತಿ. ಹೆಚ್ಚಿನ ಸೆಟ್‌ಗಳು ಇದಕ್ಕೆ ತಲೆಕೆಳಗು. ಸ್ಟಾಕ್ ಕಾರಿನ ಮುಂಭಾಗದ ಸಹಜ ಕಂಪನ ಸೆಕೆಂಡಿಗೆ ಸುಮಾರು 1.2 ಬಾರಿ ಅಂತ ನನ್ನ ಲೆಕ್ಕ. ರಸ್ತೆಯ ಸ್ಪೋರ್ಟ್ಸ್ ಕಾರಿಗೆ 1.5ರ ಹತ್ತಿರ ಚೆನ್ನಾಗಿರುತ್ತದೆ. 2 ದಾಟಿದರೆ ಅದು ಟ್ರ್ಯಾಕಿನ ಕಾರು. ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಚುರುಕಾಗಿ ಕುಣಿಯಬೇಕು. ಉಬ್ಬಿಗೆ ಮುಂದಿನ ಚಕ್ರ ಮೊದಲು ಏರುತ್ತದಲ್ಲ, ಹಿಂದಿನದು ಆಮೇಲೆ ಬಂದು ಅದನ್ನು ಹಿಡಿಯಬೇಕು. ಆಗ ಕಾರು ತೊಟ್ಟಿಲ ಹಾಗೆ ತೂಗುವುದು ಬೇಗ ನಿಲ್ಲುತ್ತದೆ. ಮಾರಿಸ್ ಓಲಿ ಅನ್ನುವ ಎಂಜಿನಿಯರ್ ಇದನ್ನು 1930ರ ದಶಕದಲ್ಲೇ ತೋರಿಸಿದ್ದ. ಕೊನೆಗೆ 40 ಶೇಕಡಾದಷ್ಟು ಗಟ್ಟಿ ಇರುವ ಲೀನಿಯರ್ ಸ್ಪ್ರಿಂಗ್, ಅಂದರೆ ಎಷ್ಟು ಕುಗ್ಗಿದರೂ ಗಟ್ಟಿತನ ಬದಲಾಗದ್ದು, ತಗೊಂಡೆ. ಪ್ರೋಗ್ರೆಸಿವ್ ಸ್ಪ್ರಿಂಗಿನಲ್ಲಿ ಒಂದು ತುದಿಯ ಸುರುಳಿಗಳು ಒತ್ತೊತ್ತಾಗಿರುತ್ತವೆ, ನೋಡಿದರೆ ಗೊತ್ತಾಗುತ್ತದೆ. ಊರೊಳಗೆ ಅದು ಮೆತ್ತಗೆ, ಆದರೆ ತಿರುವಿನ ನಡುವೆ ಗಟ್ಟಿತನ ಬದಲಾಗುವುದು ನನಗೆ ಹಿಡಿಸಲಿಲ್ಲ.

ಜರ್ಮನಿಯಲ್ಲಿ ಕಾಗದದ ಕೆಲಸವೂ ಇದೆ. ಸ್ಪ್ರಿಂಗ್ ಜೊತೆ ಅದರ ಪರೀಕ್ಷಾ ಪತ್ರ ಇರಬೇಕು, ವಾಹನ ತಪಾಸಣೆ ಮಾಡುವ ಟ್ಯೂಫ್ ಸಂಸ್ಥೆಯವರು ಕಾರು ನೋಡಿ ಒಪ್ಪಬೇಕು, ಆಮೇಲೆ ಕಾರಿನ ದಾಖಲೆಗೆ ಸೇರಬೇಕು. ನನ್ನ ಕಾರು ನೋಡಿದ ಪರೀಕ್ಷಕರು ಒಂದು ಚಕ್ರದ ಕೆಳಗೆ ದಿಮ್ಮಿ ಇಟ್ಟು ಓರೆಯಾಗಿ ಏರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಉಜ್ಜುತ್ತದಾ ನೋಡಿದರು. ಆಮೇಲೆ ಕಾರು ಎತ್ತಿ, ಚಕ್ರ ನೇತಾಡುವಾಗ ಸ್ಪ್ರಿಂಗ್ ಕೈಗೆ ಸಡಿಲ ಸಿಗುತ್ತದಾ ಅಂತ ಅಲುಗಿಸಿದರು. ಎರಡನೆಯದು ಬಹಳ ಮುಖ್ಯ. ಸಡಿಲವಾದ ಸ್ಪ್ರಿಂಗ್ ಉಬ್ಬಿನ ಮೇಲೆ ತನ್ನ ಕೂರುವ ಜಾಗ ಬಿಟ್ಟು ಸರಿಯಬಹುದು.

ಜೋಡಣೆ ನಾನೇ ಮಾಡಿದೆ, ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆ ಕೊಡುವ ಗ್ಯಾರೇಜಿನಲ್ಲಿ. ಹಿಂದಿನ ಕೆಳಗಿನ ತೋಳಿನ ಉದ್ದ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೂರು ದಿನ ಮೊದಲಿಂದಲೇ ಎಣ್ಣೆ ಸಿಂಪಡಿಸಿದ್ದೆ, ಆದರೂ ಅದೊಂದಕ್ಕೇ ಎರಡು ಗಂಟೆ ಹೋಯಿತು. ಸ್ಪ್ರಿಂಗ್ ಕಂಪ್ರೆಸರ್ ಬಳಸುವಾಗ ತುದಿಗೆ ಎದುರಾಗಿ ನಿಲ್ಲಬೇಡಿ. ಜಾರಿದರೆ ಮುಖಕ್ಕೇ ಬರುತ್ತದೆ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು, ಮೊದಲ ಸಲ ನಾನು ತಪ್ಪಿದ್ದೂ ಇಲ್ಲೇ. ತೋಳುಗಳ ಬೋಲ್ಟನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬಾರದು. ಒಳಗಿನ ರಬ್ಬರ್ ಬುಷ್ ಯಾವ ಭಂಗಿಯಲ್ಲಿ ಬಿಗಿದೆವೋ ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ಕಾರು ಇಳಿಸಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಈ ಸಲ ಚಕ್ರಗಳನ್ನು ಹಲಗೆ ಮೇಲೆ ಕೂರಿಸಿ, ಪೂರ್ತಿ ತೂಕ ಬಿಟ್ಟು, ನಾಲ್ಕು ಸಲ ಕುಲುಕಿ, ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿದೆ.

ಬಂಪ್ ಸ್ಟಾಪ್ ಕೂಡ ಬದಲಿಸಿದೆ. ಹಳೆಯದು ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಸದು ಸ್ಪಂಜಿನಂಥ ಪಾಲಿಯುರೆಥೇನ್. ಮೊದಲು ಮೆತ್ತಗೆ ಕುಗ್ಗಿ ಆಮೇಲೆ ಗಟ್ಟಿಯಾಗುತ್ತದೆ. ನಾಲ್ಕಕ್ಕೂ ಸೇರಿ ಖರ್ಚು ಬಹಳ ಕಡಿಮೆ, ಗುಣ ಬಹಳ ಜಾಸ್ತಿ.

ಎತ್ತರ ಮುಂದೆ 335, ಹಿಂದೆ 338 ಮಿ.ಮೀ.ಗೆ ನಿಂತಿತು. ಇಳಿದದ್ದು 20 ಮಿ.ಮೀ. ದಾಟಲಿಲ್ಲ. ಆಮೇಲೆ ಅಲೈನ್‌ಮೆಂಟ್, ಡ್ರೈವರ್ ಸೀಟಿನಲ್ಲಿ ನನ್ನ ತೂಕ ಇಟ್ಟೇ ಮಾಡಿಸಿದೆ. ಕ್ಯಾಂಬರ್ ಮುಂದೆ ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.6. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು, ಮುಂದೆ ಸೊನ್ನೆ, ಹಿಂದೆ ಸ್ವಲ್ಪ ಒಳಕ್ಕೆ. ಅಲೈನ್‌ಮೆಂಟ್ ಮಾಡಿಸದೆ ಸ್ಪ್ರಿಂಗ್ ಚೆನ್ನಾಗಿಲ್ಲ ಅನ್ನುವವರ ಮಾತು ಕೇಳಬೇಡಿ.

ಡ್ಯಾಂಪರ್ ಹೊಂದಿಸುವಾಗ ಮತ್ತೊಂದು ಪಾಠ ಆಯಿತು. ಮೊದಲು ರಿಬೌಂಡನ್ನು ಪೂರ್ತಿ ಗಟ್ಟಿಗೆ ತಿರುಗಿಸಿದೆ. ಪಾರ್ಕಿಂಗ್ ಜಾಗದಲ್ಲಿ ಬಂಡೆ ಹಾಗೆ ನಿಂತಿತ್ತು. ಸಾಲು ಉಬ್ಬಿನ ರಸ್ತೆಗೆ ಹೋದರೆ ಹಿಡಿತವೇ ಇಲ್ಲ. ಒಂದು ಉಬ್ಬಿಗೆ ಕುಗ್ಗಿದ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಹೀಗೆ ಕಾರು ಮೆಟ್ಟಿಲಿಳಿದ ಹಾಗೆ ಕೆಳಗೆ ಕೂರುತ್ತಾ ಹೋಗಿ ಮತ್ತೆ ರಬ್ಬರಿಗೇ ಮುಟ್ಟುತ್ತದೆ. ಆಮೇಲೆ ಪೂರ್ತಿ ಮೆತ್ತಗೆ ಮಾಡಿ, ಅದೇ ರಸ್ತೆಯಲ್ಲಿ ಕಾಲು ಸುತ್ತು, ಕಾಲು ಸುತ್ತು ಏರಿಸುತ್ತಾ ಬಂದೆ. ಉಬ್ಬು ದಾಟಿದ ಮೇಲೆ ಕಾರು ಒಂದೇ ಸಲ ಎದ್ದು ಕೂರಬೇಕು, ಎರಡನೇ ಸಲ ಏಳಬಾರದು. ನನ್ನದು ಮುಂದೆ ಮುಕ್ಕಾಲು ಸುತ್ತು, ಹಿಂದೆ ಅರ್ಧ ಸುತ್ತಿಗೆ ಸರಿಹೋಯಿತು.

ಊರಿನಿಂದ ತಮ್ಮ ಫೋಟೋ ನೋಡಿ ಫೋನ್ ಮಾಡಿದ. “ಅಣ್ಣಾ, ನನ್ನ ಕಾರಿಗೂ ಹಾಕ್ಸ್ಲಾ?” ಬೇಡ ಅಂದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದಕ್ಕಿಂತ ಮುಖ್ಯ, ಮಳೆಗಾಲ ಮುಗಿದ ಮೇಲಿನ ನಮ್ಮ ಘಾಟಿ ರಸ್ತೆಗೆ ಚಕ್ರದ ಚಲನೆ ಎಷ್ಟಿದ್ದರೂ ಸಾಲದು. ಅವನ ಕಾರು 90,000 ಕಿ.ಮೀ. ಓಡಿದೆ. ನಾಲ್ಕೂ ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್, ಬುಷ್ ಹೊಸದು ಹಾಕಿಸು, ಒಳ್ಳೆಯ ಟೈರ್ ತಗೋ ಅಂದೆ. ಎರಡು ತಿಂಗಳ ಮೇಲೆ ಮತ್ತೆ ಫೋನ್ ಬಂತು. ಬೇರೆ ಕಾರೇ ಓಡಿಸಿದ ಹಾಗಿದೆ ಅಂದ.

ಕಳೆದ ಸೆಪ್ಟೆಂಬರಿನಲ್ಲಿ ನ್ಯೂರ್‌ಬುರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಹೋಗಿ, ಸಾರ್ವಜನಿಕರಿಗೆ ಬಿಡುವ ಹೊತ್ತಿನಲ್ಲಿ ಅಲ್ಲಿನ ಹಳೆಯ ಉದ್ದ ಟ್ರ್ಯಾಕ್ ನಾರ್ಡ್‌ಷ್ಲೈಫೆ ಎರಡು ಸುತ್ತು ಹಾಕಿದೆ. ಒಂದು ಸುತ್ತು 20.8 ಕಿ.ಮೀ. ಅಲ್ಲಿ ಫುಕ್ಸ್‌ರೋರೆ ಅನ್ನುವ ಇಳಿಜಾರು ಇದೆ. ಕಾಡಿನ ನಡುವೆ ಕಣಿವೆಗೆ ಧುಮುಕಿ ತಳದಲ್ಲಿ ಥಟ್ಟನೆ ಮೇಲೇರುತ್ತದೆ. ತಳದಲ್ಲಿ ಕಾರಿನ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಕೂರುತ್ತದೆ, ಹೊಟ್ಟೆ ಕೂಡ ಕೆಳಗೆ ಎಳೆದ ಹಾಗಾಗುತ್ತದೆ. ಕಾರು ಕುಗ್ಗಿತು, ಒಂದು ಉಸಿರು ನಿಂತಿತು, ಎದ್ದಿತು. ಸ್ಟೀರಿಂಗ್ ಇಟ್ಟಲ್ಲೇ ಇತ್ತು.

ಸುತ್ತು ಮುಗಿಸಿ ನಿಲ್ಲಿಸಿದ ಮೇಲೆ ಚಕ್ರದ ಸಂದಿಗೆ ಟಾರ್ಚ್ ಹಿಡಿದು ನೋಡಿದೆ. ಮುಂದಿನ ಜಿಪ್ ಟೈ ಬಂಪ್ ಸ್ಟಾಪಿನ ಕೆಳಗೆ ಕಿರುಬೆರಳಷ್ಟು ಜಾಗ ಬಿಟ್ಟು ನಿಂತಿತ್ತು. ಹಿಂದಿನದು ರಬ್ಬರಿನ ತುದಿಯನ್ನು ಮುಟ್ಟಿತ್ತು, ಒಳಗೆ ಹೋಗಿರಲಿಲ್ಲ.